ಬೋರಲು ಹಾಕಿದ ಬಟ್ಟಲು, ಬೀಗ ಹಾಕಿದ ನಲ್ಲಿ

ಪುರಸಭೆಯ ಬಾಡಿಗೆ ತೋಟಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಕೋಳಿಗಳಿಗೆ ನೀರಿಟ್ಟಿಲ್ಲವೆಂದು ಆರೋಪಿಸಿ, ಇಪ್ಪತ್ತೆಂಟು ದಿನಗಳಲ್ಲಿ ತೋಟ ಬಿಡಬೇಕೆಂದು ವಿಲ್ಫ್ ಸ್ಟೋಕೋ ಅವರಿಗೆ ನೋಟಿಸ್ ಕಳಿಸಿದ್ದೀರಿ. ಅದೇ ತೋಟದ ನಲ್ಲಿಗೆ ಬೀಗ ಹಾಕಿಸಿದವರೂ ನೀವೇ. ಎರಡು ಕಾಗದಗಳ ಕೆಳಗೂ ಒಂದೇ ಸಹಿ ಇದೆ. ನೋಟಿಸಿಗೆ ಸಹಿ ಹಾಕುವಾಗ ಬೀಗದ ಆದೇಶ ನೆನಪಾಗಲಿಲ್ಲವೇ? ನನಗಂತೂ ನವೆಂಬರಿನಿಂದ ದಿನಾ ಬೆಳಿಗ್ಗೆ ನೆನಪಾಗುತ್ತಿದೆ, ಏಕೆಂದರೆ ನಾನೂ ಪಕ್ಕದ ತೋಟದ ತುಂಡಿನಲ್ಲಿ ಐದು ಕೋಳಿ ಸಾಕಿದ್ದೇನೆ ಮತ್ತು ನನ್ನ ಮೊಣಕಾಲು ಸರಿಯಿಲ್ಲ.

ವಿಲ್ಫ್ ಯಾರೆಂದು ನಿಮ್ಮ ಕಡತದಲ್ಲಿ ಇರಲಾರದು. ಅಲ್ಲಿ ಅವರು ಬರೀ 'ನಲವತ್ತೊಂದನೇ ತುಂಡು'. ನಮ್ಮ ಥಾರ್ನ್‌ಗಿಲ್‌ನ ಕಲ್ಲಿದ್ದಲು ಗಣಿ ಮುಚ್ಚುವ ಮೊದಲಿನಿಂದಲೂ ಅವರು ಈ ತೋಟಗಳಿರುವ ದಿಣ್ಣೆಯ ಮೇಲೆ ಈರುಳ್ಳಿ, ಕೋಸು ಬೆಳೆದಿದ್ದಾರೆ, ಕೋಳಿ ಸಾಕಿದ್ದಾರೆ. ಈಗ ವಯಸ್ಸು ಎಪ್ಪತ್ತೊಂಬತ್ತು, ಕೋಳಿ ಆರು. ಅವುಗಳಲ್ಲಿ ಡಚೆಸ್ ಎಂಬಾಕೆ ಮೊಟ್ಟೆಯಿಟ್ಟು ಎರಡು ವರ್ಷವಾಯಿತು. ಆದರೂ ಮೊದಲ ಹಿಡಿ ಕಾಳು ಅವಳಿಗೇ. ವಿಲ್ಫ್ ಇರುವುದು ಎರಡನೇ ಮಹಡಿಯ ಸಣ್ಣ ಮನೆಯಲ್ಲಿ. ತೋಟ ಹೋದರೆ ಆ ಆರು ಕೋಳಿಗಳಿಗೆ ಬೇರೆ ನೆಲೆಯಿಲ್ಲ, ಬೆಳಿಗ್ಗೆ ಎದ್ದು ಕೋಟು ಹಾಕಿಕೊಳ್ಳಲು ಅವರಿಗೆ ಬೇರೆ ಕಾರಣವೂ ಇಲ್ಲ.

ನಿಮ್ಮ ನಿಯಮ ಪುಸ್ತಕವನ್ನು ನಾನು ಓದಿದ್ದೇನೆ. ಬಹುಶಃ ಓದಿದವಳು ನಾನೊಬ್ಬಳೇ. ಆರನೇ ನಿಯಮದ ಪ್ರಕಾರ, ಚಳಿಗೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯಬಾರದೆಂದು ನವೆಂಬರಿನಿಂದ ಮಾರ್ಚ್ ಮುಗಿಯುವವರೆಗೆ ನಲ್ಲಿ ಬಂದ್. ಹದಿನೇಳನೇ ನಿಯಮದ ಪ್ರಕಾರ, ಸಾಕಿದ ಕೋಳಿಗೆ ವರ್ಷವಿಡೀ, ಸದಾಕಾಲ, ಶುದ್ಧ ನೀರು. ಆರಕ್ಕೂ ಹದಿನೇಳಕ್ಕೂ ಮಾತುಕತೆ ನಿಂತು ಎಷ್ಟು ವರ್ಷವಾಯಿತು ಸ್ವಾಮಿ? ಕೋಳಿಗಳೇನು ಅಕ್ಟೋಬರಿನಲ್ಲಿ ಹೊಟ್ಟೆ ತುಂಬ ಕುಡಿದು ಏಪ್ರಿಲ್‌ವರೆಗೆ ತಾಳಿಕೊಳ್ಳುವ ಒಂಟೆಗಳೇ?

ಇದನ್ನೇ ಕೇಳಲು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣುದನಿ, "ಮಳೆನೀರು ಹಿಡಿದಿಟ್ಕೊಳಿ ಮೇಡಂ, ಪರಿಸರಕ್ಕೂ ಒಳ್ಳೇದು" ಎಂದಿತು. ಸರಿ, ಒಪ್ಪಿದೆ. ನಾನೂ ವಿಲ್ಫ್ ಅವರೂ ಸೇರಿ ಎರಡು ಪೀಪಾಯಿ ತಂದು ಗೂಡಿನ ಮಾಡಿನಿಂದ ನೀರು ಹಾಯಿಸಿದೆವು. ಮೂರನೇ ವಾರಕ್ಕೆ ನಿಮ್ಮವರೇ ಗೇಟಿಗೆ ಒಂದು ಫಲಕ ತೂಗುಹಾಕಿದರು: ಹಕ್ಕಿಜ್ವರದ ಭಯವಿದೆ, ಕಾಡುಹಕ್ಕಿ ಕೂರುವ ಮಾಡಿನ ನೀರನ್ನು ಕೋಳಿಗೆ ಕೊಡಕೂಡದು. ಮತ್ತೆ ಫೋನ್ ಮಾಡಿದೆ.

"ಅದು ಬೇರೆ ವಿಭಾಗ ಮೇಡಂ."

"ಆ ವಿಭಾಗ ಎಲ್ಲಿದೆಯಮ್ಮಾ?"

"ನನ್ನ ಎದುರು ಮೇಜು."

"ಹಾಗಾದ್ರೆ ಒಂಚೂರು ಕೇಳಿ ಹೇಳಮ್ಮ."

"ಇಲ್ಲ, ಅವ್ರಿಗೆ ಈಮೇಲ್ ಮಾಡ್ಬೇಕು."

ಮಾಡಿದೆ. ಉತ್ತರ ಇಂದಿಗೂ ಬಂದಿಲ್ಲ. ಆ ಮೇಜಿಗೆ ಮುಟ್ಟಲು ಹಡಗಿನಲ್ಲಿ ಹೋಗಬೇಕೇನೋ.

ಹೀಗಾಗಿ ವಿಲ್ಫ್ ಮನೆಯಿಂದಲೇ ನೀರು ತರುತ್ತಾರೆ. ಮೊಮ್ಮಗಳದೊಂದು ಹಳೆಯ ಕೂಸಿನ ಗಾಡಿಯಿದೆ. ಅದರಲ್ಲಿ ಅವರ ಕೋಳಿಗೂ ನನ್ನವಕ್ಕೂ ಸೇರಿ ಎರಡು ಕ್ಯಾನ್ ನೀರು, ಹೊದಿಕೆಯೊಳಗೆ ಬಿಸಿನೀರಿನ ಫ್ಲಾಸ್ಕ್. ಅರ್ಧ ಮೈಲಿ, ಪೂರಾ ಏರು. ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಬಟ್ಟಲು ಖಾಲಿ ಮಾಡಿ ಗೂಟದ ಮೇಲೆ ಬೋರಲು ಹಾಕುತ್ತಾರೆ. ನೀರು ಬಿಟ್ಟರೆ ಮಂಜುಗಡ್ಡೆಯಾಗಿ ಬಟ್ಟಲೇ ಸೀಳುತ್ತದೆ. ಈ ಚಳಿಗಾಲದಲ್ಲಿ ಎರಡು ಸೀಳಿವೆ. ಕತ್ತಲಲ್ಲಿ ಕೋಳಿ ನೀರು ಕುಡಿಯುವುದಿಲ್ಲ. ಇದು ಈ ದಿಣ್ಣೆಯ ಮೇಲೆ ಎಲ್ಲರಿಗೂ ಗೊತ್ತು, ನಿಮ್ಮ ತಪಾಸಣೆಯವರೊಬ್ಬರನ್ನು ಬಿಟ್ಟು.

ಜನವರಿ ಹನ್ನೊಂದರಂದು ಅವರು ಬೆಳಿಗ್ಗೆ ಎಂಟಕ್ಕೇ ಬಂದಿದ್ದರು. ಇಲ್ಲಿನ ಚಳಿಗಾಲದಲ್ಲಿ ಆ ಹೊತ್ತಿಗೆ ಇನ್ನೂ ಸೂರ್ಯ ಹುಟ್ಟಿರುವುದಿಲ್ಲ, ಕೋಳಿಗಳು ಗೂಡಿನಿಂದ ಇಳಿದಿರಲಿಲ್ಲ. ನಾವಿಬ್ಬರೂ ಗಾಡಿ ತಳ್ಳಿಕೊಂಡು ಗೇಟು ದಾಟುವಾಗ ಅವರು ಬೋರಲು ಬಟ್ಟಲಿನ ಫೋಟೋ ತೆಗೆಯುತ್ತಿದ್ದರು.

"ನೀರಿಲ್ವಲ್ಲ ಯಜಮಾನ್ರೇ," ಎಂದರು.

"ಇದೇನು ಮತ್ತೆ, ಬಿಯರಾ?" ಎಂದು ವಿಲ್ಫ್ ಹೊದಿಕೆ ಸರಿಸಿ, ಫ್ಲಾಸ್ಕಿನ ಮುಚ್ಚಳ ತೆಗೆದು ತೋರಿಸಿದರು. "ನೋಡಪ್ಪಾ, ಇನ್ನೂ ಹಬೆ ಆಡ್ತಿದೆ."

"ನಾನು ನೋಡಿದಾಗ ಇರ್ಲಿಲ್ಲ. ಫೋಟೋ ಆಗ್ಲೇ ತೆಗ್ದಾಯ್ತು."

"ಕೋಳಿ ಇನ್ನೂ ಎದ್ದಿಲ್ಲ ಕಣಯ್ಯಾ! ನೀನೇನು ನಿದ್ದೇಲೇ ಟೀ ಕುಡೀತೀಯಾ?"

"ನಿಯಮದಲ್ಲಿ ಸದಾಕಾಲ ಅಂತಿದೆ," ಎಂದರು ಅವರು. ನಾನು ಬಾಯಿ ಹಾಕಿದೆ, "ಇನ್ನೊಂದು ಫೋಟೋ ತೆಗೀರಿ, ಕೈಯೇನು ಸವೆದುಹೋಗಲ್ಲ." ತೆಗೆಯಲಿಲ್ಲ. ಅವರ ಬೆನ್ನ ಹಿಂದೆಯೇ ಬಟ್ಟಲು ತುಂಬಿತು, ಬಾಗಿಲು ತೆರೆಯಿತು, ಡಚೆಸ್ ಇಳಿದು ಬಂದು ಕುಡಿದಳು. ಆಗ ಅವರು ಕಾರಿನೊಳಗೆ ಕೂತು ಏನೋ ಬರೆದುಕೊಳ್ಳುತ್ತಿದ್ದರು.

ಬರೆದದ್ದೇನೆಂದು ನೋಟಿಸಿನಲ್ಲಿ ಗೊತ್ತಾಯಿತು: 'ನೀರು ಒದಗಿಸುವ ಯಾವ ಪ್ರಯತ್ನವೂ ಕಂಡುಬಂದಿಲ್ಲ.' ಈ ಸಾಲನ್ನು ವಿಲ್ಫ್ ನನ್ನಿಂದ ಮೂರು ಸಲ ಓದಿಸಿ ಕೇಳಿದರು. ಆಮೇಲೆ, "ನಾನು ಅವಕ್ಕೆ ನೀರು ಕೊಡಲ್ವಂತೆ ಮೇವಿಸ್" ಎಂದರು. ಅಷ್ಟೇ. ಗಣಿಯಲ್ಲಿ ಮೂರು ಬೆರಳು ಕಳೆದುಕೊಂಡ ಮನುಷ್ಯ. ಉಳಿದ ಬೆರಳುಗಳಲ್ಲೇ ಆ ಕಾಗದವನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗಿಟ್ಟುಕೊಂಡರು. ನಾನು ಅಂದೇ ರಾತ್ರಿ ಈ ಪತ್ರ ಬರೆಯಲು ಕೂತೆ.

ಮಾನ್ಯರೇ, ಸಾಕ್ಷಿಯೆಂದು ನೀವು ಲಗತ್ತಿಸಿದ ಆ ಚಿತ್ರವನ್ನು ದಯವಿಟ್ಟು ಒಮ್ಮೆ ನೀವೇ ನೋಡಿ. ಮುಂದೆ ಬೋರಲು ಬಟ್ಟಲು ಇದೆ, ನಿಜ. ಎಡಗಡೆ ನಿಮ್ಮ ನಲ್ಲಿ, ನಿಮ್ಮ ಬೀಗ. ಹಿಂದೆ ದೂರದಲ್ಲಿ, ಗೇಟಿನ ಹತ್ತಿರ, ಎರಡು ಬಿಳಿ ಗೆರೆ ಹೊಳೆಯುತ್ತಿವೆ. ಅವು ವಿಲ್ಫ್ ಅವರ ಹಳದಿ ಕೋಟಿನ ಪಟ್ಟಿಗಳು, ಕ್ಯಾಮೆರಾದ ಬೆಳಕಿಗೆ ಮಿಂಚಿದ್ದು. ಅವುಗಳ ಮುಂದೆ ಇರುವ ಕಪ್ಪು ಗುಪ್ಪೆಯೇ ಕೂಸಿನ ಗಾಡಿ. ಕಂಡುಬರದ ಪ್ರಯತ್ನವೆಂದರೆ ಅದೇ.

ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ, ಮತ್ತು 'ತಪ್ಪಾಯಿತು' ಎಂಬ ಒಂದು ಪದವನ್ನು ವಿಲ್ಫ್ ಅವರ ಹೆಸರಿಗೇ ಬರೆಯಿರಿ, ತುಂಡಿನ ನಂಬರಿಗಲ್ಲ. ಗೇಟಿನ ಬಳಿಯ ಒಂದೇ ಒಂದು ನಲ್ಲಿಯ ಬೀಗ ತೆಗೆಯಿರಿ. ಕೊಳವೆ ಒಡೆಯುವ ಚಿಂತೆ ನಿಮಗೆ ಬೇಡ, ನನ್ನ ಹಳೆಯ ಎರಡು ರಜಾಯಿಗಳನ್ನು ಅದಕ್ಕೆ ನಾನೇ ಸುತ್ತಿ ಹೊಲಿಯುತ್ತೇನೆ. ಅಲ್ಲಿಯವರೆಗೆ ನಾವು ದಿನಾ ಬೆಳಿಗ್ಗೆ ಎಂಟು ಗಂಟೆಗೆ ಅದೇ ಗೇಟಿನಲ್ಲಿ ಇರುತ್ತೇವೆ. ಬೇಕಾದರೆ ಬಂದು ಫೋಟೋ ತೆಗೆದುಕೊಳ್ಳಿ.

ಇಂತಿ,
ನಿಮ್ಮ ಸಾಕ್ಷಿಚಿತ್ರದಲ್ಲಿ ವಿಲ್ಫ್ ಅವರ ಹಿಂದೆ ಅರ್ಧ ಮಾತ್ರ ಕಾಣುವ ಹೆಂಗಸು,
ಮೇವಿಸ್ ಹಿಂಡ್‌ಮಾರ್ಷ್
ನಲವತ್ತೆರಡನೇ ತುಂಡು