ಮೇಜಿನಡಿಯ ಕಾಲು

ಮಾರ್ಚ್ ೧೨, ಮಂಗಳವಾರ

ನಲವತ್ತು ವರ್ಷ ಊರೂರು ತಿರುಗಿ ಊಟ, ವೈನಿನ ಬಗ್ಗೆ ಬರೆದದ್ದು ಸಾಲದೆಂದು, ಮೂಗಿಗೆ ಬಂದ ವಾಸನೆಯನ್ನೆಲ್ಲ ದಿನಾ ಬರೆದಿಡಿ ಎಂದು ಡಾಕ್ಟರ ಅಪ್ಪಣೆ. ಜ್ವರದಲ್ಲಿ ಮೂಗು ಸತ್ತು, ನಾಲಿಗೆಯ ರುಚಿಯೂ ಹೋಗಿ ಐದು ತಿಂಗಳಾಯಿತು. ಇವತ್ತೂ ಏನೂ ಬರಲಿಲ್ಲ. ಪತ್ರಿಕೆಯಲ್ಲಿ ನನ್ನ ಅಂಕಣ ನಡೆಯುತ್ತಿರುವುದು ಹೆಂಡತಿಯ ನಾಲಿಗೆಯಿಂದ. ರುಚಿ ಕೆಟ್ಟಿದ್ದರೆ ಮೇಜಿನಡಿ ನನ್ನ ಕಾಲು ತುಳಿಯುತ್ತಾಳೆ.

ಇವತ್ತು ವೈನ್ ಮಾಡುವವನ ಮನೆಯಲ್ಲಿ ತುಳಿಯಲಿಲ್ಲ. ನಾನು "ಭೇಷ್!" ಎಂದೆ. ಅವನು ಬಾಟಲಿ ನೋಡಿ ಬೆಚ್ಚಿದ. "ಅಯ್ಯೋ ಸಾರ್, ತಪ್ಪಿ ಬಂತು. ಇದು ಹುಳಿಯಾಗಿ ಚೆಲ್ಲೋಕಿಟ್ಟಿದ್ದು!"

ದಾರಿಯಲ್ಲಿ ರೇಗಿದೆ. "ಯಾಕೆ ತುಳೀಲಿಲ್ಲ?"

"ನನ್ನ ಕಾಲಿಗೂ ವಯಸ್ಸಾಯ್ತು ರೀ. ಸಂಪಾದಕರಿಗೆ ನಿಜ ಹೇಳ್ಬಿಡಿ."

ಹೇಳಿದರೆ ಅಂಕಣ ಹೋಯಿತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಬೇರೆ ಕೆಲಸವೇನು ಗೊತ್ತು? ಹೇಳದಿದ್ದರೆ ಇವಳ ಮುಖ ನೋಡುವುದು ಹೇಗೆ? ಇಪ್ಪತ್ತನೇ ತಾರೀಖಿಗೆ ಮುಂದಿನ ಬರಹ ಕೊಡಬೇಕು. ಮೂಗು ಮರಳುತ್ತದೋ ಇಲ್ಲವೋ, ಹತ್ತೊಂಬತ್ತರೊಳಗೆ ಡಾಕ್ಟರು ಬಾಯಿಬಿಟ್ಟು ಹೇಳಲಿ.