ಆಲ್ಬಮ್ಮಿನಲ್ಲಿಲ್ಲದ ನಿನ್ನ ಕೈ

ಥರ್ಮನ್,

ಸತ್ತವನಿಗೆ ಅಂಚೆಯೂ ಇಲ್ಲ, ಅವಸರವೂ ಇಲ್ಲ ಎಂದು ತಿಳಿದೇ ಬರೆಯುತ್ತಿದ್ದೇನೆ. ಇವತ್ತು ಪತ್ರಿಕೆಯ ಹುಡುಗಿಯೊಬ್ಬಳು ಬ್ರಾಂಕ್ಸ್‌ನ ನನ್ನ ಮನೆಗೆ ಬಂದಿದ್ದಳು. ನಮ್ಮ ಮೊದಲ ರ‍್ಯಾಪ್ ಆಲ್ಬಮ್ಮಿಗೆ ಇಪ್ಪತ್ತೈದು ವರ್ಷವಂತೆ. ಆಗ ‘ಪ್ರಾಸವಿದೆ, ಪ್ರಾಣವಿಲ್ಲ’ ಎಂದು ಬೈದಿದ್ದ ಪತ್ರಿಕೆಗೇ ಈಗ ಅದು ಮೇರುಕೃತಿ. ಆಲ್ಬಮ್ ಹಾಗೇ ಇದೆ, ನನ್ನ ಸೊಂಟ ಮಾತ್ರ ಬದಲಾಗಿದೆ.

“ಏನೇ ಹೇಳಿ ಸರ್, ಜೀವ ಇರೋದು ನಿಮ್ಮ ಡೀಜೆ ಥರ್ಮನ್ ಕೈಯಲ್ಲಿ. ಆ ತಾಳ ಎಲ್ಲಾ ಅವರದೇ ತಾನೇ?” ಎಂದಳು.

ಆ ಆಲ್ಬಮ್ಮಿನ ಧ್ವನಿಮುದ್ರಣದ ದಿನ ನೀನು ರೆಕಾರ್ಡುಗಳ ಪೆಟ್ಟಿಗೆ ಹೊತ್ತು ಸ್ಟುಡಿಯೋಗೆ ಬಂದಿದ್ದೆ. ಯಾವ ಹಾಡಿನ ತಾಳವೆಂದು ಬೇರೆ ಡೀಜೆಗಳು ತಿಳಿದು ಕದಿಯದಿರಲೆಂದು ಸ್ನಾನದ ತೊಟ್ಟಿಯಲ್ಲಿ ನೆನೆಸಿ, ಹೆಸರಿನ ಚೀಟಿ ಕಿತ್ತ ರೆಕಾರ್ಡುಗಳು. ಕಂಪನಿಯವರು ನಿನ್ನ ಬದಲು ಬಾಡಿಗೆ ವಾದ್ಯಗಾರರನ್ನು ಕೂರಿಸಿದ್ದರು.

“ನೀನು ಹೋಗಿ ಹಾಡು ಗುರು. ನನ್ನ ಮುಖ ಏನ್ ನೋಡ್ತೀಯ?” ಎಂದು ಬಾಗಿಲಾಚೆ ಕೂತ ನೀನೇ ಹೇಳಿದೆ.

ನಾನು ಹೋಗಿ ಹಾಡಿದೆ. ಕವರಿನ ಚಿತ್ರದಲ್ಲಿ ಮಾತ್ರ ನೀನೇ ನಟ್ಟನಡುವೆ ನಿಂತಿದ್ದೀಯ.

“ಹೌದಮ್ಮ, ಎಲ್ಲಾ ಅವನದೇ ಕೈ” ಎಂದು ಇವತ್ತು ಆ ಹುಡುಗಿಗೆ ಹೇಳಿಬಿಟ್ಟೆ. ಅವಳು ಬರೆದುಕೊಂಡಳು.

ನಿನ್ನದನ್ನು ನಿನಗೆ ಮರಳಿಸಿದೆನೋ, ಬಾಗಿಲಾಚೆ ನೀನು ಕೂತದ್ದನ್ನೂ ಅಳಿಸಿದೆನೋ, ತಿಳಿಯುತ್ತಿಲ್ಲ. ಫೋನ್ ಮಾಡಿ ತಿದ್ದಿಸೋಣವೆಂದರೆ, ಹಾಗಾದರೆ ನುಡಿಸಿದ್ದು ಯಾರು ಎಂದು ಕೇಳುತ್ತಾಳೆ. ಆ ಬಾಡಿಗೆಯವರ ಹೆಸರು ನನಗೆ ಗೊತ್ತಿಲ್ಲ. ನಿನಗೆ ಗೊತ್ತಿತ್ತು. ಬಿಡುವಿನಲ್ಲಿ ಅವರೆಲ್ಲ ಹೊರಗೆ ಬಂದು ನಿನ್ನ ಪಕ್ಕದಲ್ಲೇ ಕೂತು ಸಿಗರೇಟು ಸೇದಿದರು. ನಾನು ಬರಲಿಲ್ಲ.