ಸೌದೆಯ ಹಿಂದಿನ ಬಾಗಿಲು

ಐಜೂರು, ರಾಮನಗರ
ಬುಧವಾರ, ಸಂಜೆ

ಪ್ರೀತಿಯ ಇಕ್ರಾ,

ಫೋನ್ ಮಾಡಿದರೆ ನೀನು ನಗುತ್ತೀಯ. ನೀನು ನಕ್ಕರೆ ನನಗೂ ನಗು ಬಂದು, ಹೇಳಬೇಕಾದ ಮಾತು ಗಂಟಲಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಬೈಯಿ. ನನಗೆ ಭಯವಾಗುತ್ತಿದೆ ಕಣೇ. ಯಾರಾದರೂ ಹೆಸರು ಹಿಡಿದು ಕೂಗಿದರೂ ಬೆಚ್ಚಿಬೀಳುತ್ತೇನೆ.

ಏಜೆನ್ಸಿಯಲ್ಲಿ ಏನು ಕೆಲಸ ಎಂದು ಕೇಳಿದಾಗಲೆಲ್ಲ ‘ರಿಪೋರ್ಟು’ ಎಂದು ತೇಲಿಸಿಬಿಡುತ್ತಿದ್ದೆ. ಇವತ್ತು ಬಿಡಿಸಿ ಹೇಳುತ್ತೇನೆ. ಯಾವ ಶೆಡ್ಡಿನಲ್ಲಿ ಕೆಲಸದವರಿಗೆ ಅಪಾಯವಿಲ್ಲ ಎಂದು ದೊಡ್ಡ ಕಂಪನಿಗಳಿಗೆ ವರದಿ ಕೊಡುವುದು ನಮ್ಮ ಕಸುಬು. ನಮ್ಮ ಆಫೀಸಿನ ಹುಡುಗ ಪುನೀತ್ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾನೆ. ಅದರ ಮೇಲೆ ವರದಿ ಬರೆಯುವುದು ಎಐ. ಆಮೇಲೆ ಮನುಷ್ಯರೊಬ್ಬರು ಕೂತು ಓದಿ, ಸರಿಯಿದೆ ಎಂದರೆ ಮಾತ್ರ ಒಪ್ಪಿಗೆಯ ಬಟನ್ ಒತ್ತಬೇಕು. ಯಾರು ಒತ್ತಿದರು, ಯಾವಾಗ ಒತ್ತಿದರು ಎಲ್ಲ ದಾಖಲಾಗುತ್ತದೆ. ಕಂಪನಿಯವರು ತಾವಿದ್ದಲ್ಲಿಂದಲೇ ನೋಡುತ್ತಾರೆ. ಯಂತ್ರ ಬರೆದದ್ದನ್ನು ಒಂದು ಜೋಡಿ ಮನುಷ್ಯರ ಕಣ್ಣು ನೋಡಿದೆ ಎಂಬ ಧೈರ್ಯಕ್ಕಾಗಿ ಮಾಡಿದ ಏರ್ಪಾಡು.

ಆದರೆ ನಮ್ಮ ಯಜಮಾನರು ರುದ್ರಪ್ರಸಾದ್ ಸರ್ ಅದಕ್ಕೂ ಕುಂಕುಮ ಹಚ್ಚಿದರು. ನಾನು ಸೇರಿದ ಹೊಸತರಲ್ಲಿ ಒತ್ತಿದ ಫೈಲುಗಳು ಕಂಪನಿಗಳಿಂದ ಒಂದೂ ವಾಪಸ್ ಬರಲಿಲ್ಲವಂತೆ. ಅಲ್ಲಿಂದ ಶುರುವಾಯಿತು. ವಾರದ ಫೈಲುಗಳನ್ನೆಲ್ಲ ಶುಕ್ರವಾರಕ್ಕೆ ಎತ್ತಿಡುವುದು, ಆಫೀಸಿನ ಪೂಜೆ ಮುಗಿದು ಮಂಗಳಾರತಿ ಆದ ಮೇಲೆ ನನ್ನ ಕೈಯಲ್ಲೇ ಒತ್ತಿಸುವುದು. ಓದಿ ಒಪ್ಪುವ ಕೆಲಸ ಬೋಣಿ ಮಾಡುವ ಕೆಲಸವಾಯಿತು. ನಾನು ಮೊಂಡಿ, ನಿನಗೆ ಗೊತ್ತಲ್ಲ. ಪ್ರಸಾದ ಆರಿ ತಣ್ಣಗಾದರೂ ಓದಿಯೇ ಒತ್ತುತ್ತಿದ್ದೆ. ಸರ್ ಪಕ್ಕದಲ್ಲಿ ನಿಂತು ಗೊಣಗುತ್ತಿದ್ದರು.

ಈ ಕೈಗುಣದ ಹುಚ್ಚು ಮೊದಲು ಹತ್ತಿದ್ದು ನಿಮ್ಮ ಮನೆಯಲ್ಲೇ ಅಲ್ಲವಾ? ನಿಮ್ಮ ಅಬ್ಬಾ ರೇಷ್ಮೆ ನೂಲು ತೆಗೆಯುವ ಶೆಡ್ ಹಾಕಿದಾಗ, ಆಗ ಪಕ್ಕದ ಮನೆಯಲ್ಲಿದ್ದ ನನ್ನನ್ನು ಕರೆದು ಮೊದಲ ಒಲೆ ಹಚ್ಚಿಸಿದರು. ಆ ವರ್ಷ ನೂಲಿಗೆ ಒಳ್ಳೇ ಬೆಲೆ ಬಂತು. ಆಮೇಲೆ ಯಾವ ಒಲೆ ಬದಲಾಯಿಸಿದರೂ ನಾನೇ ಬೇಕು. ನೀನು ಮೂತಿ ಉಬ್ಬಿಸಿ, ‘ನನ್ ಕೈಯೇನ್ ಹೊಲ್ಸಾ?’ ಎಂದು ಜಗಳ ತೆಗೆಯುತ್ತಿದ್ದೆ. ಗೂಡು ಬೇಯುವ ನಾತ ತಡೆಯಲಾಗದೆ ಇಬ್ಬರೂ ಹಿಂದಿನ ಬಾಗಿಲಿನಿಂದ ಓಡಿಹೋಗುತ್ತಿದ್ದೆವು. ಆ ಬಾಗಿಲು ನೆನಪಿಟ್ಟುಕೋ.

ಹೋದ ಶುಕ್ರವಾರದ ಫೈಲುಗಳಲ್ಲಿ ನಿಮ್ಮ ಶೆಡ್ಡಿನದೂ ಇತ್ತು. ನೂಲು ಕೊಳ್ಳುವ ಕಂಪನಿ ಕೇಳಿದ್ದ ವರದಿ. ಚೆಂದವಾಗಿ ಬರೆದಿತ್ತು. ಓದುತ್ತಾ ಹೋದೆ. ‘ಬೆಂಕಿ ಅನಾಹುತವಾದರೆ ಕಾರ್ಮಿಕರು ಹೊರಹೋಗಲು ಹಿಂಭಾಗದ ಬಾಗಿಲು ಸದಾ ತೆರವಾಗಿರುತ್ತದೆ’ ಎಂಬ ಸಾಲಿಗೆ ಬಂದು ನಿಂತುಬಿಟ್ಟೆ. ಮಳೆ ಶುರುವಾದರೆ ಸೌದೆ ನೆನೆಯಬಾರದು ಎಂದು ಅಬ್ಬಾ ಅದನ್ನೆಲ್ಲ ಒಳಗೆ ತಂದು ಆ ಬಾಗಿಲಿಗೇ ಒಟ್ಟುವುದು ನನಗೆ ಗೊತ್ತಿಲ್ಲವೇ? ಪುನೀತ್ ಆ ಬಾಗಿಲಿನ ಫೋಟೋ ತೆಗೆದದ್ದು ಹೊರಗಿನಿಂದ. ಯಂತ್ರ ಬಾಗಿಲು ಕಂಡಿತು, ಬರೆಯಿತು.

ಇದನ್ನು ಒತ್ತಲ್ಲ ಸರ್, ಹೋಗಿ ನೋಡಿ ಬರಬೇಕು ಎಂದೆ. ಆಯ್ತಮ್ಮ ಎಂದರು. ಪ್ರಸಾದ ತಿಂದು ಕೈ ತೊಳೆಯಲು ಹೋದೆ. ಕಂಪ್ಯೂಟರ್ ನನ್ನ ಲಾಗಿನ್‌ನಲ್ಲಿ ತೆರೆದೇ ಇತ್ತು. ಮಾರನೆಯ ದಿನ ನೋಡಿದರೆ ನಿಮ್ಮ ಶೆಡ್ಡಿನ ಮುಂದೆ ಹಸಿರು ಗುರುತು, ಪಕ್ಕದಲ್ಲಿ ನನ್ನ ಹೆಸರು. ಕೇಳಿದ್ದಕ್ಕೆ ಸರ್ ಮುಖ ಕೂಡ ಎತ್ತಲಿಲ್ಲ. ‘ಯಾರ್ ಒತ್ತಿದ್ರೇನಮ್ಮ, ನಿನ್ ಹೆಸ್ರಲ್ಲಿ ಹೋದ್ರೆ ವಾಪಸ್ ಬರಾಕಿಲ್ಲ. ಅವ್ರಿಗೂ ಒಳ್ಳೇದೇ ಆಯ್ತದೆ’ ಎಂದರು. ಮನುಷ್ಯರು ನೋಡಿದ್ದಾರೋ ಇಲ್ಲವೋ ಎಂದು ಕಾಯಲು ಇಟ್ಟ ದಾಖಲೆ. ಅದೇ ಈಗ ಎಲ್ಲರಿಗೂ, ನಾನು ನೋಡಿದ್ದೇನೆ ಎಂದು ಹೇಳುತ್ತಿದೆ.

ಆಗಲೇ ನಿನಗೆ ಫೋನ್ ಮಾಡಿದ್ದು. ಸೌದೆ ತೆಗೆಸು ಎಂದೆ. ನೀನು ನಕ್ಕು, ‘ನೀನೇ ಪಾಸ್ ಮಾಡಿದ್ದೀಯಲ್ಲೇ, ಇನ್ನೇನ್ ಭಯ?’ ಎಂದೆ. ಆ ಮಾತು ಕೇಳಿದ ಮೇಲೆಯೇ, ನಾನೇ ಬಂದು ನೋಡಬೇಕು ಎಂದುಕೊಂಡೆ.

ನಿನ್ನೆ ನಾನು ಶೆಡ್ಡಿಗೆ ಬಂದದ್ದು ಸುಮ್ಮನೆ ನಿನ್ನನ್ನು ನೋಡಿ ಹೋಗಲಿಕ್ಕಲ್ಲ. ಸೌದೆ ನನ್ನ ತಲೆಗಿಂತ ಮೇಲಿತ್ತು. ಬಾಗಿಲಿನ ಚೌಕಟ್ಟೂ ಕಾಣಲಿಲ್ಲ. ಅದರ ಪಕ್ಕದ ಗೋಡೆಗೆ ಅಬ್ಬಾ ವರದಿಯ ಮೊದಲ ಹಾಳೆಗೆ ಪ್ಲಾಸ್ಟಿಕ್ ಹಾಕಿಸಿ ಮೊಳೆ ಹೊಡೆದಿದ್ದರು. ‘ನಮ್ ಸ್ಪಂದನಾ ಕೈ ಬಿದ್ದೈತೆ, ಇನ್ ಈ ಶೆಡ್ಡಿಗೆ ಏನೂ ಆಗಾಕಿಲ್ಲ’ ಎಂದು ಕೆಲಸದವರಿಗೆಲ್ಲ ಕೇಳುವಂತೆ ಹೇಳಿ ಚಹಾ ಕೊಟ್ಟರು. ಹೋದ ವರ್ಷ ಅರ್ಧ ಸೌದೆ ಹಿತ್ತಲಿನ ತಗಡಿನ ಕೆಳಗೆ ಇಟ್ಟಿದ್ದರು, ಈ ವರ್ಷ ಧೈರ್ಯವಾಗಿ ಎಲ್ಲ ಒಳಗೇ ತಂದಿದ್ದಾರೆ. ನನ್ನ ಹೆಸರನ್ನು ತಾಯಿತದ ಹಾಗೆ ಕಟ್ಟಿಕೊಂಡು ಕೂತಿದ್ದೀರಿ.

ನೀನು ಎಲ್ಲಿ ಕೂತಿದ್ದೆ ಗೊತ್ತಾ? ಆ ಸೌದೆಯ ಪಕ್ಕದಲ್ಲೇ. ಹೊಗೆ ಕಡಿಮೆ, ಬಸುರಿಗೆ ಒಳ್ಳೆಯದು ಎಂದು ಅಬ್ಬಾ ಜಾಗ ಬದಲಾಯಿಸಿಕೊಟ್ಟರಂತೆ. ನಿನ್ನ ಪಕ್ಕದಲ್ಲಿ ಮಾರಕ್ಕ, ಮಂಡಿ ನೋವಿನವಳು. ಮುಂದಿನ ಬಾಗಿಲಿಗೂ ನಿಮಗೂ ನಡುವೆ ಸಾಲು ಒಲೆಗಳು ಉರಿಯುತ್ತಿದ್ದವು. ಅಲ್ಲಿಂದ ಬಂದಮೇಲೆ ಕಣ್ಣು ಮುಚ್ಚಿದರೆ ಸಾಕು, ನೀನು ಆ ಬಾಗಿಲನ್ನು ಹುಡುಕುತ್ತಾ ಸೌದೆ ಕೀಳುತ್ತಿರುವುದು ಕಾಣುತ್ತದೆ.

ಆದ್ದರಿಂದ ಇವತ್ತು ಮಧ್ಯಾಹ್ನ ಕಂಪನಿಗೆ ಬರೆದು ಕಳಿಸಿದೆ. ಈ ವರದಿಗೆ ನಾನು ಒಪ್ಪಿಗೆ ಕೊಟ್ಟಿಲ್ಲ, ನನ್ನ ಹೆಸರು ತೆಗೆಯಿರಿ, ಹಿಂದಿನ ಬಾಗಿಲು ಮುಚ್ಚಿದೆ ಎಂದು. ಅವರು ನಿಮ್ಮ ಆರ್ಡರ್ ನಿಲ್ಲಿಸಬಹುದು. ಹೆರಿಗೆಯ ಹೊತ್ತಿಗೆ ಹೀಗೆ ಮಾಡಿದಳಲ್ಲ ಎಂದು ನೀನು ನನ್ನ ಮುಖ ನೋಡದೇ ಇರಬಹುದು. ನನ್ನ ಕೆಲಸವಂತೂ ಹೋದ ಹಾಗೇ. ಸರ್ ಇನ್ನೂ ಫೋನ್ ಮಾಡಿಲ್ಲ. ಮೇಜಿನ ಮೇಲಿರುವ ಫೋನನ್ನು ನೋಡಲೂ ಹೆದರಿಕೆ. ಆದರೆ ನೀನು ಮಾತು ಬಿಟ್ಟರೂ ಎಲ್ಲೋ ಇರುತ್ತೀಯ. ನನಗೆ ಅಷ್ಟು ಸಾಕು.

ಈ ಕಾಗದವನ್ನು ನಮ್ಮ ಬೀದಿಯ ಮಾರಕ್ಕನ ಕೈಯಲ್ಲೇ ಈಗ ಕಳಿಸುತ್ತಿದ್ದೇನೆ. ನಾಳೆ ಒಲೆ ಹಚ್ಚುವ ಮೊದಲೇ ನಾನು ಬರುತ್ತೇನೆ, ಮುಂದಿನಿಂದಲ್ಲ. ಚಿಕ್ಕವರಿದ್ದಾಗ ತಟ್ಟುತ್ತಿದ್ದ ಹಾಗೇ ಹಿಂದಿನ ಬಾಗಿಲು ತಟ್ಟುತ್ತೇನೆ. ನೀನು ಭಾರ ಎತ್ತಬೇಡ, ಅಬ್ಬಾಗೆ ಹೇಳು. ಸಿಟ್ಟಿದ್ದರೆ ಬೈದುಕೊಂಡೇ ತೆಗೆಯಿರಿ. ಒಳಗಿನಿಂದ ಆ ಬಾಗಿಲು ತೆರೆಯುವವರೆಗೂ ನಾನು ಅಲ್ಲಿಂದ ಕದಲುವುದಿಲ್ಲ.

ನಿನ್ನ ಹೊಟ್ಟೆ ತಣ್ಣಗಿರಲಿ.

ನಾಳೆ ಹಿತ್ತಲಲ್ಲಿ ಕಾಯುವ,
ನಿನ್ನ ಸ್ಪಂದನಾ